ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲು ತೆರೆಸಿದ ಕಮಲಾ ಸೊಹೋನಿ

ಬೆಂಗಳೂರಿನ ಮಲ್ಲೇಶ್ವರವನ್ನು ದಾಟಿ ಯಶವಂತಪುರದ ಕಡೆಗೆ ಸಾಗಿದರೆ ಬಲಬದಿಗೆ ಮರಗಳ ನೆರಳಿನಲ್ಲಿ ಹರಡಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಜೆಮ್‌ಷೆಡ್‌ಜಿ ಟಾಟಾ ಅವರ ದತ್ತಿಯಿಂದ ಹಾಗೂ ಮೈಸೂರು ಅರಸರು ನೀಡಿದ ಭೂಮಿಯಿಂದ 1909ರಲ್ಲಿ ರೂಪುಗೊಂಡ ಈ ಸಂಸ್ಥೆಗೆ 1933ರಲ್ಲಿ ಮುಂಬಯಿಯ ತರುಣಿಯೊಬ್ಬಳು ಪ್ರವೇಶ ಕೋರಿ ಅರ್ಜಿ ಸಲ್ಲಿಸಿದಳು. ಹೆಸರು ಕಮಲಾ ಭಾಗವತ್. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದಿದ್ದ ಆಕೆಗೆ ಪ್ರವೇಶದ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ಆದರೆ ಅರ್ಜಿ ತಿರಸ್ಕೃತವಾಯಿತು. ಆಕೆ ಹೆಣ್ಣು ಎಂಬುದೇ ಅದಕ್ಕೆ ಕಾರಣವಾಗಿತ್ತು.

ಮುಂದೆ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದ ಈ ವಿಜ್ಞಾನಿಯ ಬದುಕನ್ನು ಸಾಮಾನ್ಯವಾಗಿ ಆ ಒಂದು ತಿರಸ್ಕಾರದ ಕಥೆಯಾಗಿಯೇ ಹೇಳಲಾಗುತ್ತದೆ. ಅದು ಅಗತ್ಯವೂ ಹೌದು. ಆದರೆ ಬಾಗಿಲಿನ ಒಳಗೆ ಹೋದ ಮೇಲೆ ಆಕೆ ಮಾಡಿದ ಕೆಲಸವೇನು ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ. ನಾವು ಉಣ್ಣುವ ಅನ್ನದಲ್ಲಿ ಕಣದಷ್ಟಿರುವ ಕಬ್ಬಿಣ, ತಾಮ್ರಗಳು ಜೀವಕೋಶದೊಳಗೆ ಏನು ಮಾಡುತ್ತವೆ ಎಂಬ ಪ್ರಶ್ನೆಯ ಆಸುಪಾಸಿನಲ್ಲಿಯೇ ಅವರ ವೃತ್ತಿಜೀವನದ ಬಹುಭಾಗ ಕಳೆಯಿತು.

ಮನೆತನದ ರಸಾಯನಶಾಸ್ತ್ರ

ಕಮಲಾ ಜನಿಸಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ತಂದೆಯ ಸೋದರ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಹಳೆಯ ವಿದ್ಯಾರ್ಥಿಗಳು. ಮರಾಠಿಯ ಪ್ರಸಿದ್ಧ ಲೇಖಕಿ, ವಿದ್ವಾಂಸೆ ದುರ್ಗಾ ಭಾಗವತ್ ಇವರ ಅಕ್ಕ. ವಿದ್ಯೆಗೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ನಂಬಿದ್ದ ಆ ಮನೆಯಲ್ಲಿ ಬೆಳೆದ ಹುಡುಗಿಗೆ ತಂದೆ ಓದಿದ ಸಂಸ್ಥೆಯಲ್ಲಿಯೇ ತಾನೂ ಸಂಶೋಧನೆ ಮಾಡಬೇಕೆಂಬ ಹಂಬಲ ಹುಟ್ಟಿದುದು ಸಹಜವೇ ಆಗಿತ್ತು.

ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಮೂರು ವರ್ಷಗಳ ಹಿಂದೆಯಷ್ಟೇ ನೊಬೆಲ್ ಪ್ರಶಸ್ತಿ ಪಡೆದು, 1933ರಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದರು. ತಂದೆ ಮತ್ತು ಅವರ ಸೋದರರು ಮಾಡಿಕೊಂಡ ಮನವಿಗಳಿಗೂ ರಾಮನ್ ಬಗ್ಗಲಿಲ್ಲ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲವೆಂಬ ಉತ್ತರವೇ ಮತ್ತೆ ಮತ್ತೆ ಬಂದಿತು.

ಅದು ಗಾಂಧಿಯುಗ. ಕಮಲಾ ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಮುಂದಾದರು. ತಮ್ಮನ್ನು ಏಕೆ ಸೇರಿಸಿಕೊಳ್ಳುವುದಿಲ್ಲ ಎಂಬುದಕ್ಕೆ ಸಕಾರಣ ಕೊಡಬೇಕೆಂಬುದು ಅವರ ಪಟ್ಟಾಗಿತ್ತು. ಕೊನೆಗೆ ರಾಮನ್ ಷರತ್ತುಗಳನ್ನು ಹಾಕಿ ಒಪ್ಪಿದರು. ಮೊದಲ ಒಂದು ವರ್ಷ ಆಕೆ ಅಧಿಕೃತ ವಿದ್ಯಾರ್ಥಿನಿಯಲ್ಲ, ಕೆಲಸದ ಗುಣಮಟ್ಟ ತೃಪ್ತಿಕರವೆನಿಸಿದ ಮೇಲೆಯೇ ಮಾನ್ಯತೆ. ಮಾರ್ಗದರ್ಶಕರು ಹೇಳಿದಷ್ಟು ಹೊತ್ತು, ರಾತ್ರಿಯಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ಪುರುಷ ಸಂಶೋಧಕರ ಗಮನಕ್ಕೆ ಭಂಗ ತರಕೂಡದು.

ಕಮಲಾ ಷರತ್ತುಗಳನ್ನು ಒಪ್ಪಿಕೊಂಡರು. ಆದರೆ ಆ ಅವಮಾನವನ್ನು ಅವರು ಎಂದೂ ಮರೆಯಲಿಲ್ಲ. ದಶಕಗಳ ಬಳಿಕ, ಇಳಿವಯಸ್ಸಿನಲ್ಲಿ, ಮಹಿಳಾ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ನೆನೆದು, ರಾಮನ್ ಮಹಾನ್ ವಿಜ್ಞಾನಿಯಾಗಿದ್ದರೂ ಈ ವಿಷಯದಲ್ಲಿ ಅವರ ದೃಷ್ಟಿ ಸಂಕುಚಿತವಾಗಿತ್ತು ಎಂದು ನೇರವಾಗಿಯೇ ಹೇಳಿದರು.

ಬೇಳೆಕಾಳಿನಿಂದ ಆರಂಭ

ಕಮಲಾ ಅವರಿಗೆ ದೊರೆತ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಮೈಸೂರು ಸೀಮೆಯ ಶ್ರೀಗಂಧದ ಮರಗಳನ್ನು ಕಾಡುತ್ತಿದ್ದ ಸ್ಪೈಕ್ ರೋಗದ ಅಧ್ಯಯನದಲ್ಲಿಯೂ ತೊಡಗಿದ್ದ ಈ ಜೀವರಸಾಯನ ವಿಜ್ಞಾನಿ ಶಿಸ್ತಿನ ಮನುಷ್ಯ. ಜಗತ್ತಿನ ಪ್ರಮುಖ ಜೀವರಸಾಯನ ವಿಜ್ಞಾನಿಗಳ ಬರಹಗಳನ್ನು ಓದಲು, ಅವರೊಡನೆ ಪತ್ರವ್ಯವಹಾರ ನಡೆಸಲು ಶಿಷ್ಯೆಗೆ ಉತ್ತೇಜನ ನೀಡಿದರು.

ಸಂಶೋಧನೆಗೆ ಆರಿಸಿಕೊಂಡ ವಸ್ತು ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನು. ಚಿಕ್ಕಪೇಟೆಯ ಬಗಲಿನ ತರಗುಪೇಟೆಯಲ್ಲಿ ಮೂಟೆಗಟ್ಟಲೆ ಬಂದಿಳಿಯುತ್ತಿದ್ದ ತೊಗರಿ, ಕಡಲೆ, ಹುರುಳಿ, ಅವರೆಗಳೇ ಈ ನಾಡಿನ ಬಡವರ ಪೌಷ್ಟಿಕತೆಯ ಆಧಾರ. ಮಾಂಸ ಕೊಳ್ಳಲಾಗದ ಅಥವಾ ತಿನ್ನದ ಕುಟುಂಬಗಳಿಗೆ ಬೇಳೆಯ ಸಾರೇ ಪ್ರೋಟೀನಿನ ಮೂಲ. ಅಂತಹ ಕಾಳಿನೊಳಗೆ ನಿಜಕ್ಕೂ ಏನಿದೆ ಎಂಬುದನ್ನು ಅಳೆದು ನೋಡುವ ಕೆಲಸ ಆಗಿನ್ನೂ ಆರಂಭದ ಹಂತದಲ್ಲಿತ್ತು. ಬೇಳೆಕಾಳುಗಳಲ್ಲಿರುವ ಪ್ರೋಟೀನೇತರ ಸಾರಜನಕವನ್ನು ಕುರಿತು ಗುರು ಶಿಷ್ಯರು ಜೊತೆಗೂಡಿ ಬರೆದ ಪ್ರಬಂಧ 1935ರಲ್ಲಿ ಇಂಗ್ಲೆಂಡಿನ ಬಯೋಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ವರ್ಷ ಕಳೆಯುವುದರೊಳಗೆ ರಾಮನ್ ಅವರಿಗೆ ಈ ವಿದ್ಯಾರ್ಥಿನಿಯ ನಿಷ್ಠೆ ಮನವರಿಕೆಯಾಯಿತು. ಕಮಲಾ ಅವರಿಗೆ ಪೂರ್ಣ ಮಾನ್ಯತೆ ದೊರೆತುದಷ್ಟೇ ಅಲ್ಲ, ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1936ರಲ್ಲಿ ಅವರು ಎಂ.ಎಸ್ಸಿ. ಪದವಿಯನ್ನು ವಿಶೇಷ ಶ್ರೇಣಿಯಲ್ಲಿ ಪಡೆದರು. 1940ರಲ್ಲಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯಕ್ಕೇ ಬಂದು ಸೇರಿದರು. ಆದರೂ ದಾರಿ ಸುಗಮವಾಗಿತ್ತೆಂದು ಹೇಳಲಾಗದು. ವಜ್ರ ಮತ್ತು ಮಾಣಿಕ್ಯಗಳ ರೋಹಿತವನ್ನು ಕುರಿತ ಅನ್ನಾ ಮಣಿಯವರ ಪ್ರೌಢಪ್ರಬಂಧಕ್ಕೆ, ಅವರ ಬಳಿ ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣದಿಂದ, ಮದ್ರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ನೀಡಲೇ ಇಲ್ಲ.

ಕೇಂಬ್ರಿಜ್‌ನ ಆ ಎರಡು ವರ್ಷಗಳು

1937ರಲ್ಲಿ ವಿದ್ಯಾರ್ಥಿವೇತನ ಪಡೆದು ಕಮಲಾ ಕೇಂಬ್ರಿಜ್‌ಗೆ ತೆರಳಿದರು. ನ್ಯೂನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ವಾಸ, ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಅವರ ಜೀವರಸಾಯನ ವಿಭಾಗದಲ್ಲಿ ಕೆಲಸ. ಆಹಾರದಲ್ಲಿ ವಿಟಮಿನ್ನುಗಳಂಥ ಪೂರಕ ಅಂಶಗಳಿವೆಯೆಂದು ತೋರಿಸಿ 1929ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡಿದ್ದ ಹಾಪ್ಕಿನ್ಸ್, 1921ರಲ್ಲಿ ಅಂಗಾಂಶಗಳಿಂದ ಗ್ಲುಟಾಥಿಯೋನ್ ಎಂಬ ಪುಟ್ಟ ಗಂಧಕಯುಕ್ತ ವಸ್ತುವನ್ನು ಬೇರ್ಪಡಿಸಿದ್ದರು.

ಕಮಲಾ ಮೊದಲು ಡೆರೆಕ್ ರಿಕ್ಟರ್ ಅವರೊಡನೆ ಪ್ರಾಣಿ ಅಂಗಾಂಶಗಳಲ್ಲಿನ ಉತ್ಕರ್ಷಣ ಕಿಣ್ವಗಳನ್ನು ಕುರಿತು ಕೆಲಸ ಮಾಡಿದರು. ಬಳಿಕ ಸಸ್ಯಗಳ ದ್ಯುತಿಸಂಶ್ಲೇಷಣೆಯ ಅಧ್ಯಯನದಿಂದ ಹೆಸರಾದ ರಾಬಿನ್ ಹಿಲ್ ಅವರೊಡನೆ ಸಸ್ಯ ಅಂಗಾಂಶಗಳತ್ತ ಹೊರಳಿದರು. ಆಲೂಗಡ್ಡೆಯ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಅವರಿಗೆ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಕಂಡುಬಂದಿತು. ಪ್ರಾಣಿಗಳ ಉಸಿರಾಟದ ಕ್ರಿಯೆಯಲ್ಲಿ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ ಈ ಪ್ರೋಟೀನಿನ ನಡುವೆ ಒಂದೇ ಒಂದು ಕಬ್ಬಿಣದ ಪರಮಾಣು ಇರುತ್ತದೆ. ಪ್ರಾಣಿಗಳಂತೆಯೇ ಸಸ್ಯಗಳೂ ಉಸಿರಾಟಕ್ಕೆ ಅದೇ ಕಬ್ಬಿಣದ ಯಂತ್ರವನ್ನು ಬಳಸುತ್ತವೆ ಎಂಬುದು ಈ ಕೆಲಸದ ತಿರುಳು. ಹದಿನಾಲ್ಕು ತಿಂಗಳಲ್ಲಿ ಮುಗಿಸಿದ ಅವರ ಪ್ರೌಢಪ್ರಬಂಧ ಕೇವಲ ನಲವತ್ತು ಪುಟಗಳದ್ದು. 1939ರಲ್ಲಿ ಕೇಂಬ್ರಿಜ್ ಪಿಎಚ್.ಡಿ. ನೀಡಿತು. ಬ್ರಿಟಿಷ್ ವಿಶ್ವವಿದ್ಯಾಲಯವೊಂದರಿಂದ ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ.

ಕಮಲಾ ಕೇಂಬ್ರಿಜ್‌ನಲ್ಲಿದ್ದ 1938ರಲ್ಲಿಯೇ ಅದೇ ಊರಿನ ಮತ್ತೊಂದು ಪ್ರಯೋಗಾಲಯದಲ್ಲಿ ಸೈಟೋಕ್ರೋಮ್‌ಗಳ ಅಧ್ಯಯನಕ್ಕೆ ಬುನಾದಿ ಹಾಕಿದ್ದ ಡೇವಿಡ್ ಕೀಲಿನ್ ತಮ್ಮ ಸಹೋದ್ಯೋಗಿ ಮಾನ್ ಅವರೊಡನೆ ದನದ ರಕ್ತದಿಂದ ನೀಲಿ ಬಣ್ಣದ, ತಾಮ್ರವುಳ್ಳ ಪ್ರೋಟೀನೊಂದನ್ನು ಬೇರ್ಪಡಿಸಿದರು. ದೇಹದಲ್ಲಿ ಅದಕ್ಕೇನು ಕೆಲಸ ಎಂಬುದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. ಉತ್ತರಕ್ಕಾಗಿ ಮೂವತ್ತೊಂದು ವರ್ಷ ಕಾಯಬೇಕಾಯಿತು.

ಕಣದಷ್ಟು ಲೋಹ, ಕೋಶದ ಕಾವಲು

ಆ ಉತ್ತರವನ್ನು ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು. ಜೀವಕೋಶಗಳು ಆಮ್ಲಜನಕವನ್ನು ಬಳಸಿ ಅನ್ನದಿಂದ ಶಕ್ತಿ ಪಡೆಯುವಾಗ ಒಂದಿಷ್ಟು ಆಮ್ಲಜನಕ ಅರೆಬರೆ ಮಾರ್ಪಟ್ಟು ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಉಗ್ರ ವಸ್ತುಗಳಾಗುತ್ತದೆ. ಒಲೆ ಉರಿಯುವಾಗ ಹಾರುವ ಕಿಡಿಗಳಂತೆ ಇವು ಕೋಶದ ಪೊರೆಗಳನ್ನೂ ಪ್ರೋಟೀನುಗಳನ್ನೂ ಸುಡಬಲ್ಲವು. ಈ ಕಿಡಿಗಳನ್ನು ಆರಿಸುವ ಕಿಣ್ವಗಳೇ ಆಂಟಿಆಕ್ಸಿಡೆಂಟ್ ಕಿಣ್ವಗಳು, ಅಂದರೆ ಉತ್ಕರ್ಷಣ ನಿರೋಧಕ ಕಿಣ್ವಗಳು.

1969ರಲ್ಲಿ ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್, ಕೇಂಬ್ರಿಜ್‌ನ ಆ ನೀಲಿ ಪ್ರೋಟೀನು ಸೂಪರ್‌ಆಕ್ಸೈಡನ್ನು ನಿವಾರಿಸುವ ಕಿಣ್ವವೆಂದು ತೋರಿಸಿಕೊಟ್ಟರು. ಅದಕ್ಕೆ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಹೆಸರು ಬಂತು. ಅದರಲ್ಲಿ ತಾಮ್ರದ ಜೊತೆಗೆ ಸತುವೂ ಇದೆ. ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದಲ್ಲಿರುವ ಇದರ ಸೋದರ ಕಿಣ್ವಕ್ಕೆ ಬೇಕಾಗುವುದು ಮ್ಯಾಂಗನೀಸ್. ಆ ಕಿಣ್ವದ ಚಟುವಟಿಕೆಯನ್ನು ಅಳೆಯಲು ವಿಜ್ಞಾನಿಗಳು ಬಳಸಿದ ವಸ್ತು ಸೈಟೋಕ್ರೋಮ್ ಸಿ. ಸೂಪರ್‌ಆಕ್ಸೈಡ್ ತಗುಲಿದಾಗ ಸೈಟೋಕ್ರೋಮಿನ ಬಣ್ಣ ಬದಲಾಗುತ್ತದೆ, ಕಿಣ್ವವಿದ್ದರೆ ಆ ಬದಲಾವಣೆ ತಗ್ಗುತ್ತದೆ. ಕಮಲಾ ಆಲೂಗಡ್ಡೆಯಲ್ಲಿ ಕಂಡ ಪ್ರೋಟೀನಿನ ಪ್ರಾಣಿರೂಪವೇ ಈ ಪರೀಕ್ಷೆಯ ಅಳತೆಗೋಲಾಯಿತು.

ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಕಿಣ್ವಕ್ಕೆ ಕಬ್ಬಿಣ ಬೇಕು. ಅದೇ ಕೆಲಸವನ್ನು ಹಾಪ್ಕಿನ್ಸ್ ಕಂಡ ಗ್ಲುಟಾಥಿಯೋನಿನ ನೆರವಿನಿಂದ ಮಾಡುವ ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಕಿಣ್ವ 1957ರಲ್ಲಿ ಪತ್ತೆಯಾಯಿತು. ಅದರಲ್ಲಿ ಸೆಲೆನಿಯಂ ಇರುವುದು 1973ರಲ್ಲಿ ತಿಳಿದುಬಂತು.

ಇವೆಲ್ಲ ಎಷ್ಟು ಪ್ರಮಾಣದ ಮಾತು? ಚಿಕ್ಕಪೇಟೆಯ ಸುತ್ತಿನ ಪಾತ್ರೆ ಅಂಗಡಿಗಳಲ್ಲಿ ತಾಮ್ರವನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಬೆಳೆದ ಮನುಷ್ಯನ ಇಡೀ ದೇಹದಲ್ಲಿರುವ ತಾಮ್ರ ಸುಮಾರು 100 ಮಿಲಿಗ್ರಾಂ, ಅಂದರೆ ಒಂದು ಚಿಟಿಕೆಗಿಂತಲೂ ಕಡಿಮೆ. ಕಬ್ಬಿಣ 3ರಿಂದ 4 ಗ್ರಾಂ, ಸತು ಸುಮಾರು 2 ಗ್ರಾಂ. ಮ್ಯಾಂಗನೀಸ್ ಮತ್ತು ಸೆಲೆನಿಯಂ ತಲಾ 20 ಮಿಲಿಗ್ರಾಂಗೂ ಕಡಿಮೆ. ಇವಾವುದನ್ನೂ ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ತಟ್ಟೆಗೆ ಅಥವಾ ದನದ ಗೊಂತಿಗೆ ಬಂದರಷ್ಟೇ ಉಂಟು.

ಆಹಾರದಲ್ಲಿ ಇವು ಇಲ್ಲವಾದರೆ ಏನಾಗುತ್ತದೆಂಬುದನ್ನು ಇಲಿಗಳ ಮೇಲಿನ ಪ್ರಯೋಗಗಳು ಸ್ಪಷ್ಟಪಡಿಸಿವೆ. ಸೆಲೆನಿಯಂ ಇಲ್ಲದ ಆಹಾರ ತಿಂದ ಇಲಿಗಳ ಯಕೃತ್ತಿನಲ್ಲಿ ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಬಹುತೇಕ ಮಾಯವಾಗುತ್ತದೆ. ತಾಮ್ರ ಕಡಿಮೆಯಾದರೆ ತಾಮ್ರ ಮತ್ತು ಸತುವಿನ ಡಿಸ್‌ಮ್ಯುಟೇಸ್, ಮ್ಯಾಂಗನೀಸ್ ಕಡಿಮೆಯಾದರೆ ಮ್ಯಾಂಗನೀಸಿನ ಡಿಸ್‌ಮ್ಯುಟೇಸ್ ಕುಗ್ಗುತ್ತದೆ. ಕಾವಲುಗಾರನ ಕೈಯ ಆಯುಧವೇ ಇಲ್ಲದಂತಹ ಸ್ಥಿತಿ ಅದು.

ಹಾಗೆಂದು ಹೆಚ್ಚು ತಿಂದರೆ ಹೆಚ್ಚು ರಕ್ಷಣೆ ಎಂಬ ಲೆಕ್ಕವೂ ತಪ್ಪು. ಸತುವಿನ ಮಾತ್ರೆಗಳನ್ನು ಅತಿಯಾಗಿ ನುಂಗಿದರೆ ಕರುಳಿನಲ್ಲಿ ತಾಮ್ರದ ಹೀರಿಕೆ ತಗ್ಗುತ್ತದೆ. ಬಿಡಿಯಾಗಿ ಉಳಿದ ಹೆಚ್ಚುವರಿ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿನೊಡನೆ ವರ್ತಿಸಿ ಇನ್ನೂ ಉಗ್ರವಾದ ಕಿಡಿಯನ್ನು ಹುಟ್ಟಿಸುತ್ತದೆ. ಸೆಲೆನಿಯಂ ಮಿತಿಮೀರಿದರೆ ವಿಷ. ಕೊರತೆ ಮತ್ತು ಅತಿಗಳ ನಡುವಿನ ದಾರಿ ಬಹಳ ಕಿರಿದು. 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಆಯಾ ಪ್ರದೇಶದ ಮೇವಿನ ಕೊರತೆಗೆ ತಕ್ಕಂತೆ ದನಕರುಗಳಿಗೆ ಪ್ರತ್ಯೇಕ ಖನಿಜ ಮಿಶ್ರಣವನ್ನು ರೂಪಿಸುವುದಕ್ಕೂ ಇದೇ ಕಾರಣ.

ನಾಡಿಗೆ ಮರಳಿ

ಕೇಂಬ್ರಿಜ್‌ನಲ್ಲಿಯೇ ಅಥವಾ ಅಮೆರಿಕದಲ್ಲಿ ಉಳಿಯುವ ಅವಕಾಶ ಕಮಲಾ ಅವರಿಗಿತ್ತು. 1939ರಲ್ಲಿ ಅವರು ಮರಳಿದ್ದು ಭಾರತಕ್ಕೆ. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ಆರಂಭವಾಗಿದ್ದ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಅನಂತರ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಕಟ್ಟಿ ಬೆಳೆಸಿದ್ದ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್ನುಗಳ ಪರಿಣಾಮವನ್ನು ಅಭ್ಯಸಿಸಿದರು. ಮುಂದೆ ಹೈದರಾಬಾದಿಗೆ ಸ್ಥಳಾಂತರಗೊಂಡು ರಾಷ್ಟ್ರೀಯ ಪೋಷಣಾ ಸಂಸ್ಥೆಯಾದದ್ದು ಇದೇ ಪ್ರಯೋಗಾಲಯ.

1947ರಲ್ಲಿ ಎಂ.ವಿ. ಸೊಹೋನಿ ಅವರನ್ನು ವಿವಾಹವಾಗಿ ಮುಂಬಯಿಗೆ ಬಂದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನ ಪ್ರಾಧ್ಯಾಪಕಿಯಾಗಿ ಶಿಷ್ಯರ ಪಡೆಯನ್ನೇ ಕಟ್ಟಿದರು. ಬೆಂಗಳೂರಿನಲ್ಲಿ ಆರಂಭಿಸಿದ ಬೇಳೆಕಾಳಿನ ಕೆಲಸ ಇಲ್ಲಿ ಮತ್ತೆ ಕೈಗೆ ಬಂದಿತು. ಕಾಳುಗಳಲ್ಲಿ ಪ್ರೋಟೀನಿದ್ದ ಮಾತ್ರಕ್ಕೆ ಅದು ದೇಹಕ್ಕೆ ದಕ್ಕುವುದಿಲ್ಲ ಎಂಬುದನ್ನು ಅವರ ತಂಡ ಪರಿಶೀಲಿಸಿತು. ಭಾರತೀಯ ಆಹಾರ ಪದಾರ್ಥಗಳಲ್ಲಿ ಜೀರ್ಣಕ್ರಿಯೆಗೆ ಅಡ್ಡಿಯಾಗುವ ಟ್ರಿಪ್ಸಿನ್ ಪ್ರತಿಬಂಧಕಗಳನ್ನು ಕುರಿತು 1950ರ ದಶಕದಲ್ಲಿ ಪ್ರಬಂಧಗಳು ಹೊರಬಂದವು.

ಮತ್ತೊಂದು ಅಧ್ಯಯನದ ವಸ್ತು ಬೆಂಗಳೂರಿಗರ ಪ್ರೀತಿಯ ಅವರೆ. ಅವರೆಕಾಳಿನಲ್ಲಿ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನು ಇರುವುದನ್ನೂ, ಅದನ್ನು ತಿನ್ನಿಸಿದ ಇಲಿಗಳ ಬೆಳವಣಿಗೆಗೆ ಹಾನಿಯಾಗುವುದನ್ನೂ 1965ರಲ್ಲಿ ಪ್ರಕಟವಾದ ಅವರ ಗುಂಪಿನ ಪ್ರಬಂಧಗಳು ವಿವರಿಸಿದವು. ಹಿತಕಿದ ಬೇಳೆ ಸಾರಿನ ಅಭಿಮಾನಿಗಳು ಗಾಬರಿಗೊಳ್ಳಬೇಕಿಲ್ಲ. ಚೆನ್ನಾಗಿ ಬೇಯಿಸಿದಾಗ ಇಂತಹ ಪ್ರೋಟೀನುಗಳು ತಮ್ಮ ಶಕ್ತಿ ಕಳೆದುಕೊಳ್ಳುತ್ತವೆ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಬೇಯಿಸುವ ನಮ್ಮ ಅಡುಗೆಮನೆಯ ಪದ್ಧತಿಗೆ ಖನಿಜಗಳ ದೃಷ್ಟಿಯಿಂದಲೂ ಅರ್ಥವಿದೆ. ಕಾಳು ಮತ್ತು ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣ ಹಾಗೂ ಸತುವನ್ನು ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತದೆ. ಮೊಳಕೆಯೊಡೆದಾಗ ಫೈಟೇಟ್ ಕರಗಿ ಖನಿಜಗಳು ಬಿಡುಗಡೆಯಾಗುತ್ತವೆ. ಮೊಳಕೆ ಹುರುಳಿಯ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಅದರ ಸಿ ವಿಟಮಿನ್ ಕಬ್ಬಿಣದ ಹೀರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ನೀರಾದಲ್ಲಿ ಕಂಡ ಕಬ್ಬಿಣ

ಕಮಲಾ ಸೊಹೋನಿ ಅವರಿಗೆ ಹೆಚ್ಚಿನ ಖ್ಯಾತಿ ತಂದದ್ದು ನೀರಾ ಕುರಿತ ಸಂಶೋಧನೆ. ತಾಳೆಯ ಜಾತಿಯ ಮರಗಳಿಂದ ಇಳಿಸಿದ, ಹುಳಿಯುವ ಮುನ್ನ ಕುಡಿಯುವ ಸಿಹಿರಸವೇ ನೀರಾ. ಬಿಸಿಲೇರಿ ಹುಳಿತರೆ ಅದೇ ಹೆಂಡ. ರಾಷ್ಟ್ರಪತಿಗಳಾಗಿದ್ದ ಬಾಬು ರಾಜೇಂದ್ರ ಪ್ರಸಾದ್ ಅವರ ಸೂಚನೆಯ ಮೇರೆಗೆ ಕೈಗೆತ್ತಿಕೊಂಡ ಈ ಅಧ್ಯಯನದಲ್ಲಿ ನೀರಾದಲ್ಲಿ ಗಣನೀಯ ಪ್ರಮಾಣದ ಎ ಮತ್ತು ಸಿ ವಿಟಮಿನ್ನುಗಳೂ ಕಬ್ಬಿಣವೂ ಇರುವುದು ಕಂಡುಬಂದಿತು. ನೀರಾವನ್ನು ಕಾಯಿಸಿ ಬೆಲ್ಲ ಮಾಡಿದಾಗಲೂ ಅವು ಉಳಿಯುತ್ತವೆಂದು ಅವರ ಅಧ್ಯಯನ ಹೇಳಿತು.

ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಬುಡಕಟ್ಟು ಸಮುದಾಯಗಳ ಹದಿಹರೆಯದ ಮಕ್ಕಳಿಗೆ ಹಾಗೂ ಗರ್ಭಿಣಿಯರಿಗೆ ದಿನದ ಆಹಾರದೊಡನೆ ನೀರಾ ನೀಡಿದಾಗ ಅವರ ಆರೋಗ್ಯ ಸುಧಾರಿಸಿತು. ಅಂಗಡಿಯ ದುಬಾರಿ ಟಾನಿಕ್ ಕೊಳ್ಳಲಾಗದವರಿಗೆ ಊರ ಮರದಲ್ಲಿಯೇ ಸಿಗುವ ಕಬ್ಬಿಣ ಅದು. ಕೇಂಬ್ರಿಜ್‌ನಲ್ಲಿ ಒಂದು ಪ್ರೋಟೀನಿನ ನಡುವಣ ಒಂದು ಕಬ್ಬಿಣದ ಪರಮಾಣುವಿನ ಬೆನ್ನು ಹತ್ತಿದ್ದ ವಿಜ್ಞಾನಿ, ಇಲ್ಲಿ ರಕ್ತಹೀನ ತಾಯಿಗೆ ಅದೇ ಕಬ್ಬಿಣವನ್ನು ಅಗ್ಗವಾಗಿ ಮುಟ್ಟಿಸುವುದು ಹೇಗೆಂದು ಹುಡುಕಿದರು. ಈ ಕಾರ್ಯಕ್ಕಾಗಿ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಮುಂಬಯಿಯ ಆರೇ ಹಾಲಿನ ಯೋಜನೆಗೂ ಅವರು ಸಲಹೆಗಾರರಾಗಿದ್ದರು.

ಇಷ್ಟಾದರೂ ತಮ್ಮದೇ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ದೊರೆತುದು ಅರ್ಹತೆ ಬಂದ ಹಲವು ವರ್ಷಗಳ ನಂತರ. ಬೆಂಗಳೂರಿನಲ್ಲಿ 1933ರಲ್ಲಿ ಎದುರಾದ ಗೋಡೆ ಬೇರೆ ರೂಪದಲ್ಲಿ ಮುಂಬಯಿಯಲ್ಲಿಯೂ ಇತ್ತು.

ಗೃಹಿಣಿಯರ ನಡುವೆ

ನಿವೃತ್ತಿಯ ನಂತರವೂ ಅವರು ಸುಮ್ಮನಿರಲಿಲ್ಲ. ಒಂಬತ್ತು ಮಂದಿ ಮಹಿಳೆಯರು 1966ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಸಕ್ರಿಯರಾಗಿ, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ಕೀಮತ್ ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯನ್ನು ಕುರಿತು ಲೇಖನಗಳನ್ನು ಬರೆದರು. ಪ್ರಯೋಗಾಲಯದ ತಿಳಿವು ಅಡುಗೆಮನೆಗೆ ತಲುಪದಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂಬುದು ಅವರ ಬದುಕಿನ ನಡೆಯಲ್ಲಿಯೇ ಕಾಣುತ್ತಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ದೆಹಲಿಗೆ ಕರೆಸಿ ಸನ್ಮಾನಿಸುವ ಹೊತ್ತಿಗೆ ಅವರಿಗೆ ಎಂಬತ್ತು ದಾಟಿತ್ತು. 1998ರ ಜೂನ್‌ನಲ್ಲಿ ಅವರು ನಿಧನರಾದರು. 2023ರ ಜೂನ್ 18ರಂದು, ಅವರ 112ನೇ ಜನ್ಮದಿನಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು. ಹೊಸ ತಲೆಮಾರಿನ ಅನೇಕರು ಅವರ ಹೆಸರನ್ನು ಮೊದಲ ಬಾರಿಗೆ ಕೇಳಿದ್ದು ಅಂದೇ.

ರಾಮನ್ ಅವರ ಮಲ್ಲೇಶ್ವರದ ಮನೆ ಪಂಚವಟಿ ಇಂದಿಗೂ ಅಭಿಮಾನಿಗಳ ಯಾತ್ರಾಸ್ಥಳ. ಆ ಮೇಧಾವಿಯ ಕೀರ್ತಿಗೆ ಈ ಪ್ರಸಂಗದಿಂದ ಕುಂದು ಬರಲಾರದು. ಆದರೆ 1933ರಲ್ಲಿ ಕಮಲಾ ಭಾಗವತ್ ತಿರಸ್ಕಾರವನ್ನು ಒಪ್ಪಿಕೊಂಡು ಮುಂಬಯಿಯ ರೈಲು ಹತ್ತಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಬೇಕು. ಆಲೂಗಡ್ಡೆಯ ಸೈಟೋಕ್ರೋಮನ್ನು ಮುಂದೊಂದು ದಿನ ಮತ್ತಾರಾದರೂ ಕಂಡುಹಿಡಿಯುತ್ತಿದ್ದರೇನೋ. ಆದರೆ ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲು ಅವರ ಹಿಂದೆ ಬಂದ ಹೆಣ್ಣುಮಕ್ಕಳಿಗೆ ಇನ್ನೆಷ್ಟು ವರ್ಷ ಮುಚ್ಚಿರುತ್ತಿತ್ತೋ ಹೇಳಲಾಗದು. ಇಂದು ಅದೇ ಸಂಸ್ಥೆಯ ಪ್ರಯೋಗಾಲಯಗಳಲ್ಲಿ ಹೊತ್ತು ಮೀರಿಯೂ ಕೆಲಸ ಮಾಡುವ ವಿದ್ಯಾರ್ಥಿನಿಯರಿದ್ದಾರೆ. ಹೆಣ್ಣೆಂಬ ಕಾರಣಕ್ಕೆ ಒಂದು ವರ್ಷದ ಪರೀಕ್ಷಾವಧಿಯನ್ನು ಅವರ ಮೇಲೆ ಈಗ ಯಾರೂ ವಿಧಿಸುವುದಿಲ್ಲ.